ನನ್ನಲ್ಲಿ ಓಡುವ ಗಿಟ್ ಹುಕ್ ನಿಮ್ಮಲ್ಲಿ ಯಾಕೆ ಓಡುವುದಿಲ್ಲ? ತಂಡಕ್ಕೊಂದು ದೋಷ ನಿವಾರಣೆ ಕೈಪಿಡಿ

ಕಮಿಟ್‌ಗೆ ಮೊದಲು ಕೋಡ್ ಪರೀಕ್ಷಿಸಲು, ಕಮಿಟ್ ಸಂದೇಶ ಸರಿ ಇದೆಯಾ ನೋಡಲು, ಪಾಸ್‌ವರ್ಡ್ ಇರುವ ಫೈಲ್ ಕೈತಪ್ಪಿ ಹೋಗದಂತೆ ತಡೆಯಲು ನಾವು ಗಿಟ್ ಹುಕ್ ಬಳಸುತ್ತೇವೆ. ಕೋಡಿನ ಬದಲಾವಣೆ ದಾಖಲಿಸುವ (ಕಮಿಟ್), ಅದನ್ನು ಸರ್ವರ್‌ಗೆ ಕಳಿಸುವ (ಪುಶ್) ಹೊತ್ತಿಗೆ ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟೇ ಹುಕ್. ಒಬ್ಬರೇ ಕೆಲಸ ಮಾಡುವಾಗ ಇದರಲ್ಲಿ ಏನೂ ತೊಂದರೆ ಇಲ್ಲ. ಅದನ್ನು ತಂಡಕ್ಕೆ ಹಂಚಲು ಹೊರಟಾಗ ತಲೆನೋವು ಶುರುವಾಗುತ್ತದೆ. ಕಾಸರಗೋಡಿನ ಕಡೆ ತಂಡ ಒಂದೇ ಕೋಣೆಯಲ್ಲಿ ಕೂರುವುದೂ ಅಪರೂಪ. ಒಬ್ಬರು ಪೇಟೆಯ ಆಫೀಸಿನಲ್ಲಿ, ಒಬ್ಬರು ಬದಿಯಡ್ಕದ ಮನೆಯಲ್ಲಿ, ಒಬ್ಬರು ಮಂಜೇಶ್ವರದಲ್ಲಿ, ಇನ್ನೊಬ್ಬರು ಮಂಗಳೂರಿನಲ್ಲಿ. ಒಬ್ಬರದು ವಿಂಡೋಸ್, ಇನ್ನೊಬ್ಬರದು ಉಬುಂಟು, ಮತ್ತೊಬ್ಬರದು ಮ್ಯಾಕ್. ಪಕ್ಕಕ್ಕೆ ಬಂದು ಸ್ಕ್ರೀನ್ ನೋಡಿ ಸರಿ ಮಾಡಿಕೊಡಲು ಆಗುವುದಿಲ್ಲ. ಹಾಗಾಗಿ ಲಕ್ಷಣ ನೋಡಿ ಕಾರಣ ಹಿಡಿಯುವುದು ಎಲ್ಲರಿಗೂ ಗೊತ್ತಿರಬೇಕು.

ಮೊದಲು ಒಂದು ಮಾತು ಗಟ್ಟಿಯಾಗಿ ತಿಳಿದಿರಲಿ. ಹುಕ್‌ಗಳು ಇರುವುದು ರೆಪೊಸಿಟರಿಯ (ರೆಪೊ, ಅಂದರೆ ಪ್ರಾಜೆಕ್ಟಿನ ಫೈಲುಗಳೂ ಅವುಗಳ ಇತಿಹಾಸವೂ ಇರುವ ಜಾಗ) .ಗಿಟ್ ಫೋಲ್ಡರ್ ಒಳಗಿನ ಹುಕ್ಸ್ ಫೋಲ್ಡರ್‌ನಲ್ಲಿ. ಆ ಫೋಲ್ಡರ್ ಕಮಿಟ್ ಆಗುವುದಿಲ್ಲ, ಪುಶ್ ಆಗುವುದಿಲ್ಲ, ಕ್ಲೋನ್ ಮಾಡಿದವರಿಗೂ (ರೆಪೊದ ಪ್ರತಿ ಇಳಿಸಿಕೊಂಡವರಿಗೂ) ಸಿಗುವುದಿಲ್ಲ. ಇದು ಗಿಟ್‌ನ ಕೊರತೆ ಅಲ್ಲ, ಬೇಕೆಂದೇ ಹೀಗೆ ಮಾಡಿದ್ದಾರೆ. ಹುಕ್ ಅಂದರೆ ನಿಮ್ಮ ಮೆಷಿನ್‌ನಲ್ಲಿ ನಿಮ್ಮ ಹೆಸರಿನಲ್ಲೇ ಓಡುವ ಪ್ರೋಗ್ರಾಮ್. ಕ್ಲೋನ್ ಜೊತೆಗೆ ಅದೂ ಬಂದು ತಾನಾಗಿ ಓಡಿದರೆ, ಗುರುತಿಲ್ಲದವರ ರೆಪೊ ಇಳಿಸಿದ ಕ್ಷಣವೇ ಅವರ ಕೋಡ್ ನಿಮ್ಮಲ್ಲಿ ಓಡಿದಂತೆ. 2024ರ ಮೇ ತಿಂಗಳಲ್ಲಿ ಗಿಟ್ 2.45.1ರಲ್ಲಿ ಮುಚ್ಚಿದ ಒಂದು ದೊಡ್ಡ ದೋಷ ಇಂಥದ್ದೇ: ಸಬ್‌ಮಾಡ್ಯೂಲ್ (ರೆಪೊ ಒಳಗೆ ಸೇರಿಸಿದ ಇನ್ನೊಂದು ರೆಪೊ) ಇರುವ ರೆಪೊ ಕ್ಲೋನ್ ಮಾಡುವಾಗಲೇ ಹುಕ್ ಒಂದನ್ನು ಒಳಗೆ ತೂರಿಸಿ ಓಡಿಸಲು ಆಗುತ್ತಿತ್ತು. ಇನ್ನೂ ಹಳೆಯ ಆವೃತ್ತಿ ಇಟ್ಟುಕೊಂಡವರು ಮೊದಲು ಗಿಟ್ ಅಪ್‌ಡೇಟ್ ಮಾಡಿಕೊಳ್ಳಿ.

ಹಾಗಾಗಿ ಹುಕ್ ಹಂಚುವುದು ಎರಡು ಬೇರೆ ಬೇರೆ ಕೆಲಸ. ಸ್ಕ್ರಿಪ್ಟನ್ನು ರೆಪೊ ಒಳಗೆ ಮಾಮೂಲಿ ಫೋಲ್ಡರ್‌ನಲ್ಲಿ ಇಡುವುದು ಒಂದು. ಪ್ರತಿಯೊಬ್ಬರೂ ತಮ್ಮ ಮೆಷಿನ್‌ನಲ್ಲಿ "ಆ ಫೋಲ್ಡರ್‌ನಿಂದ ಓಡಿಸು" ಎಂದು ಗಿಟ್‌ಗೆ ಒಮ್ಮೆ ಹೇಳುವುದು ಇನ್ನೊಂದು. ಮೊದಲನೆಯದು ಆಗಿ ಎರಡನೆಯದು ಬಾಕಿ ಉಳಿದಿರುವುದೇ ಜಾಸ್ತಿ ತೊಂದರೆಗಳ ಮೂಲ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಉದಾಹರಣೆಗಳಲ್ಲಿ ಹುಕ್ ಫೋಲ್ಡರಿನ ಹೆಸರು .ಗಿಟ್‌ಹುಕ್ಸ್ ಎಂದಿಟ್ಟುಕೊಳ್ಳೋಣ.

ಲಕ್ಷಣ: ಹುಕ್ ಓಡುವುದೇ ಇಲ್ಲ, ಎರರ್ ಕೂಡ ಇಲ್ಲ

ತಂಡಕ್ಕೆ ಹೊಸದಾಗಿ ಸೇರಿದವರಲ್ಲಿ ಇದು ಸಾಮಾನ್ಯ. ಕಮಿಟ್ ಸಲೀಸಾಗಿ ಆಗುತ್ತದೆ, ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಮೊದಲು ಇದನ್ನು ಕೇಳಿ ನೋಡಿ:

ಗಿಟ್ ರೆವ್-ಪಾರ್ಸ್ --ಗಿಟ್-ಪಾತ್ ಹುಕ್ಸ್

ಗಿಟ್ ಹುಕ್ ಹುಡುಕುತ್ತಿರುವುದು ಯಾವ ಫೋಲ್ಡರ್‌ನಲ್ಲಿ ಎಂದು ಇದು ಹೇಳುತ್ತದೆ. ಉತ್ತರ .ಗಿಟ್/ಹುಕ್ಸ್ ಎಂದು ಬಂದರೆ ಆ ಮೆಷಿನ್‌ನಲ್ಲಿ ಎರಡನೆಯ ಕೆಲಸ ಆಗಿಲ್ಲ ಎಂದರ್ಥ. ಪರಿಹಾರ ಒಂದೇ ಸಾಲು:

ಗಿಟ್ ಕಾನ್ಫಿಗ್ ಕೋರ್.ಹುಕ್ಸ್‌ಪಾತ್ .ಗಿಟ್‌ಹುಕ್ಸ್

ಈ ಸೆಟ್ಟಿಂಗ್ 2016ರಲ್ಲಿ ಬಂದ ಗಿಟ್ 2.9ರಿಂದ ಇದೆ. ಅದಕ್ಕಿಂತ ಹಳೆಯ ಗಿಟ್ ಇದನ್ನು ಗಮನಿಸುವುದೇ ಇಲ್ಲ, ಎರರ್ ಕೂಡ ಕೊಡುವುದಿಲ್ಲ. ಹಳೆಯ ಸರ್ವರ್‌ನಲ್ಲಿ ಕೂತು ಕೆಲಸ ಮಾಡುವವರು ಗಿಟ್ --ವರ್ಷನ್ ಎಂದು ಒಮ್ಮೆ ನೋಡಿಕೊಳ್ಳಿ.

ಉತ್ತರ .ಗಿಟ್‌ಹುಕ್ಸ್ ಎಂದೇ ಬಂತಾ? ಹಾಗಿದ್ದರೆ ಫೈಲಿನ ಹೆಸರು ನೋಡಿ. ಕಮಿಟ್‌ಗೆ ಮೊದಲು ಓಡುವ ಹುಕ್ ಫೈಲಿನ ಹೆಸರು ಪ್ರಿ-ಕಮಿಟ್, ಅದಕ್ಕೆ ಬಾಲ ಇರಬಾರದು. ಕೊನೆಗೆ .ಎಸ್‌ಎಚ್ ಅಥವಾ .ಸ್ಯಾಂಪಲ್ ಇದ್ದರೆ ಗಿಟ್ ಅದನ್ನು ಹುಕ್ ಎಂದು ಒಪ್ಪುವುದಿಲ್ಲ. ವಿಂಡೋಸ್ ಎಕ್ಸ್‌ಪ್ಲೋರರ್ ಬಾಲವನ್ನು ಮುಚ್ಚಿಟ್ಟು ತೋರಿಸುವುದರಿಂದ ಟರ್ಮಿನಲ್‌ನಲ್ಲೇ ಫೈಲ್ ಪಟ್ಟಿ ನೋಡುವುದು ಒಳ್ಳೆಯದು. ಗಿಟ್ 2.36 ಅಥವಾ ಹೊಸದಿದ್ದರೆ ಕಮಿಟ್ ಮಾಡದೆಯೇ ಪರೀಕ್ಷಿಸಬಹುದು:

ಗಿಟ್ ಹುಕ್ ರನ್ ಪ್ರಿ-ಕಮಿಟ್

ಆ ಹೆಸರಿನ ಹುಕ್ ಸಿಗಲಿಲ್ಲ ಎಂದು ಹೇಳಿದರೆ ದೋಷ ಹೆಸರಿನಲ್ಲಿದೆ ಅಥವಾ ಜಾಗದಲ್ಲಿದೆ. ಓಡಿದರೆ ನಿಮ್ಮ ಹುಕ್ ಸರಿಯಾಗಿದೆ, ಆಗ ತೊಂದರೆಯನ್ನು ಬೇರೆ ಕಡೆ ಹುಡುಕಿ.

ಹೊಸಬರು ಪ್ರತಿ ಸಲ ಇದೇ ಪ್ರಶ್ನೆ ಕೇಳುತ್ತಿದ್ದರೆ ತಪ್ಪು ಅವರದಲ್ಲ. ಆ ಒಂದು ಸಾಲನ್ನು ನೀವು ಹೇಗೂ ಓಡಿಸುವ ಸೆಟಪ್ ಸ್ಕ್ರಿಪ್ಟ್ ಒಳಗೆ ಹಾಕಿ. ಮೇಕ್ ಫೈಲ್ ಇದ್ದರೆ ಅಲ್ಲಿ, ನೋಡ್ ಪ್ರಾಜೆಕ್ಟ್ ಆಗಿದ್ದರೆ ಪ್ಯಾಕೇಜ್ ಫೈಲಿನ ಪ್ರಿಪೇರ್ ಎಂಬಲ್ಲಿ. ಹಸ್ಕಿ (ನೋಡ್ ಪ್ರಾಜೆಕ್ಟುಗಳಲ್ಲಿ ಹುಕ್ ಹಂಚುವ ಸಾಧನ) ಬಳಸುವವರಿಗೆ ಪ್ರಿಪೇರ್ ಮೂಲಕವೇ ಇದು ಆಗುತ್ತದೆ. ಆದರೆ ಯಾರಾದರೂ ಇಗ್ನೋರ್-ಸ್ಕ್ರಿಪ್ಟ್ಸ್ ಎಂಬ ಆಯ್ಕೆ ಹಾಕಿ ಎನ್‌ಪಿಎಂ ಇನ್‌ಸ್ಟಾಲ್ ಮಾಡಿದರೆ ಪ್ರಿಪೇರ್ ಓಡುವುದಿಲ್ಲ, ಹುಕ್ ಕೂಡ ಬರುವುದಿಲ್ಲ.

ಲಕ್ಷಣ: "ಹುಕ್ ವಾಸ್ ಇಗ್ನೋರ್ಡ್" ಎಂಬ ಸುಳಿವು ಬರುತ್ತದೆ

ಉಬುಂಟು ಅಥವಾ ಮ್ಯಾಕ್‌ನಲ್ಲಿ ಇದು ಬಂದರೆ ಫೈಲಿಗೆ ಓಡುವ ಅನುಮತಿ ಇಲ್ಲ. ವಿಂಡೋಸ್‌ನಲ್ಲಿ ಗಿಟ್ ಈ ಅನುಮತಿ ನೋಡುವುದಿಲ್ಲ. ಹಾಗಾಗಿ ವಿಂಡೋಸ್‌ನಲ್ಲಿ ಬರೆದವರಿಗೆ ಚೆನ್ನಾಗಿಯೇ ಓಡುತ್ತದೆ, ಪುಲ್ ಮಾಡಿದವರಿಗೆ ಕೈ ಕೊಡುತ್ತದೆ. ನಿಮ್ಮ ಮೆಷಿನ್‌ನಲ್ಲಿ ಮಾತ್ರ ಸಿಎಚ್‌ಮೋಡ್ (ಅನುಮತಿ ಬದಲಿಸುವ ಕಮಾಂಡ್) ಮಾಡಿ ಸುಮ್ನಾಗಬೇಡಿ. ಅನುಮತಿ ರೆಪೊದಲ್ಲೇ ದಾಖಲಾಗಬೇಕು:

ಗಿಟ್ ಅಪ್‌ಡೇಟ್-ಇಂಡೆಕ್ಸ್ --ಸಿಎಚ್‌ಮೋಡ್=+ಎಕ್ಸ್ .ಗಿಟ್‌ಹುಕ್ಸ್/ಪ್ರಿ-ಕಮಿಟ್

ಇದನ್ನು ವಿಂಡೋಸ್‌ನಿಂದಲೂ ಮಾಡಬಹುದು. ಆಮೇಲೆ ಕಮಿಟ್ ಮಾಡಿ. ಗಿಟ್ ಎಲ್‌ಎಸ್-ಫೈಲ್ಸ್ -ಎಸ್ ಎಂದು ನೋಡಿದರೆ 100644 ಇದ್ದದ್ದು 100755 ಆಗಿರಬೇಕು.

ಲಕ್ಷಣ: ಫೈಲ್ ಕಣ್ಣೆದುರೇ ಇದೆ, ಗಿಟ್ "ನೋ ಸಚ್ ಫೈಲ್" ಅನ್ನುತ್ತದೆ

ಇದು ತುಂಬ ದಾರಿ ತಪ್ಪಿಸುವ ಸಂದೇಶ. ಸಿಗದೇ ಇರುವುದು ಹುಕ್ ಫೈಲ್ ಅಲ್ಲ, ಅದನ್ನು ಓಡಿಸಬೇಕಾದ ಶೆಲ್ (ಸ್ಕ್ರಿಪ್ಟ್ ಓದಿ ಓಡಿಸುವ ಪ್ರೋಗ್ರಾಮ್). ಸ್ಕ್ರಿಪ್ಟಿನ ಮೊದಲ ಸಾಲಿನ ಕೊನೆಯಲ್ಲಿ ವಿಂಡೋಸ್‌ನ ಸಾಲು-ಮುಕ್ತಾಯ ಗುರುತು ಸೇರಿಕೊಂಡಿದೆ. ಲಿನಕ್ಸ್ ಅದನ್ನು ಶೆಲ್‌ನ ಹೆಸರಿನ ಭಾಗ ಎಂದೇ ಓದುತ್ತದೆ. ಅಂಥ ಹೆಸರಿನ ಶೆಲ್ ಎಲ್ಲಿಯೂ ಇಲ್ಲ, ಅಲ್ವಾ? "ಬ್ಯಾಡ್ ಇಂಟರ್‌ಪ್ರಿಟರ್" ಎಂದೋ, ಬ್ಯಾಶ್ ಹೆಸರಿನ ಪಕ್ಕ \ಆರ್ ಎಂದೋ ಕಂಡರೂ ರೋಗ ಇದೇ.

ಖಚಿತ ಮಾಡಿಕೊಳ್ಳಲು ಗಿಟ್ ಎಲ್‌ಎಸ್-ಫೈಲ್ಸ್ --ಇಒಎಲ್ ಎಂದು ನೋಡಿ. ಹುಕ್ ಫೈಲಿನ ಎದುರು ಸಿಆರ್‌ಎಲ್‌ಎಫ್ ಎಂದಿದ್ದರೆ ಗುರಿ ಸಿಕ್ಕಿತು. ಪರಿಹಾರ .ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಈ ಸಾಲು:

.ಗಿಟ್‌ಹುಕ್ಸ್/* ಟೆಕ್ಸ್ಟ್ ಇಒಎಲ್=ಎಲ್‌ಎಫ್

ಬಳಿಕ ಗಿಟ್ ಆ್ಯಡ್ --ರೀನಾರ್ಮಲೈಸ್ ಮಾಡಿ ಕಮಿಟ್ ಮಾಡಿ. ಈಗಾಗಲೇ ಡಿಸ್ಕ್‌ನಲ್ಲಿರುವ ಪ್ರತಿ ತಾನಾಗಿ ಬದಲಾಗುವುದಿಲ್ಲ. ಆ ಫೈಲ್ ಅಳಿಸಿ ಮತ್ತೆ ಚೆಕ್‌ಔಟ್ ಮಾಡಬೇಕು. ಅಳಿಸುವ ಮೊದಲು ಅದರಲ್ಲಿ ನಿಮ್ಮ ಕಮಿಟ್ ಆಗದ ಬದಲಾವಣೆ ಇಲ್ಲವೆಂದು ನೋಡಿಕೊಳ್ಳಿ.

ಹುಕ್ ತೋರಿಸುವ ಸಂದೇಶಗಳನ್ನು ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನೂ ಗಮನಿಸಿ. ಹಳೆಯ ನೋಟ್‌ಪ್ಯಾಡ್ ಯುಟಿಎಫ್-8 ಎಂದು ಸೇವ್ ಮಾಡುವಾಗ ಫೈಲಿನ ತಲೆಗೆ ಬಿಒಎಂ ಎಂಬ ಕಾಣದ ಗುರುತು ಸೇರಿಸುತ್ತಿತ್ತು. ಆಗ ಮೊದಲ ಸಾಲು #! ಎಂದು ಶುರುವಾಗುವುದೇ ಇಲ್ಲ. ಎಡಿಟರ್‌ನಲ್ಲಿ ಬಿಒಎಂ ಇಲ್ಲದ ಯುಟಿಎಫ್-8 ಆರಿಸಿ.

ಲಕ್ಷಣ: ಒಬ್ಬರಲ್ಲಿ ಓಡುತ್ತದೆ, ಇನ್ನೊಬ್ಬರಲ್ಲಿ "ನಾಟ್ ಫೌಂಡ್"

ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಉಬುಂಟು ಆಧಾರಿತ ಓಎಸ್‌ನಲ್ಲಿ. ಹಾಗಾಗಿ ನಮ್ಮ ಕಡೆಯ ಹುಡುಗರಿಗೆ ಉಬುಂಟು ಶಾಲೆಯಿಂದಲೇ ಪರಿಚಯ, ಕೆಲಸಕ್ಕೆ ಸೇರಿದ ಮೇಲೂ ಅದನ್ನೇ ಇಷ್ಟಪಡುವವರು ಇದ್ದಾರೆ. ಅವರಲ್ಲಿ ಬರುವ ದೂರು ಇದು: "[[: ನಾಟ್ ಫೌಂಡ್". ಉಬುಂಟುವಿನಲ್ಲಿ ಎಸ್‌ಎಚ್ ಎಂದರೆ 2006ರಿಂದ ಡ್ಯಾಶ್ ಎಂಬ ಚಿಕ್ಕ ಶೆಲ್. ವಿಂಡೋಸ್‌ನ ಗಿಟ್ ಮತ್ತು ಮ್ಯಾಕ್‌ಗಳಲ್ಲಿ ಎಸ್‌ಎಚ್ ಎಂದರೂ ಒಳಗೆ ಇರುವುದು ಬ್ಯಾಶ್. ಜೋಡಿ ಚೌಕ ಆವರಣ ಬ್ಯಾಶ್‌ಗೆ ಗೊತ್ತು, ಡ್ಯಾಶ್‌ಗೆ ಗೊತ್ತಿಲ್ಲ. ಒಂದೋ ಮೊದಲ ಸಾಲಿನಲ್ಲಿ ಬ್ಯಾಶ್ ಎಂದೇ ಬರೆಯಿರಿ, ಇಲ್ಲವೇ ಎಲ್ಲ ಶೆಲ್‌ಗಳಿಗೂ ಗೊತ್ತಿರುವ ಒಂಟಿ ಆವರಣ ಬಳಸಿ. ನಾನು ಎರಡನೆಯದನ್ನೇ ಹೇಳುತ್ತೇನೆ. ಮ್ಯಾಕ್ ಜೊತೆ ಬರುವ ಬ್ಯಾಶ್ 3.2 ಬಹಳ ಹಳೆಯದು, ಬ್ಯಾಶ್ ಎಂದು ಬರೆದ ಮಾತ್ರಕ್ಕೆ ಹೊಸ ಸೌಲಭ್ಯ ಎಲ್ಲ ಸಿಗುವುದಿಲ್ಲ.

ಟರ್ಮಿನಲ್‌ನಲ್ಲಿ ಓಡಿ, ಬಟನ್ ಒತ್ತಿ ಕಮಿಟ್ ಮಾಡುವ ಆ್ಯಪ್‌ನಲ್ಲಿ ಮಾತ್ರ "ನೋಡ್: ನಾಟ್ ಫೌಂಡ್" ಬಂದರೆ ಕಾರಣ ಬೇರೆ. ಆ ಆ್ಯಪ್ ನಿಮ್ಮ ಶೆಲ್‌ನ ಸೆಟ್ಟಿಂಗ್ ಫೈಲ್ ಓದಿಲ್ಲ. ಹಾಗಾಗಿ ಎನ್‌ವಿಎಂ (ನೋಡ್ ಆವೃತ್ತಿಗಳನ್ನು ನಿಭಾಯಿಸುವ ಸಾಧನ) ಮೂಲಕ ಹಾಕಿದ ನೋಡ್ ಅದರ ಪಾತ್‌ನಲ್ಲಿ ಇಲ್ಲ. ಎಡಿಟರನ್ನು ಟರ್ಮಿನಲ್‌ನಿಂದಲೇ ತೆರೆದು ನೋಡಿ. ಆಗ ಓಡಿದರೆ ರೋಗ ಖಚಿತ.

ಲಕ್ಷಣ: ಹುಕ್ ಬದಲಿಸಿದ್ದೇವೆ, ಆದರೆ ಹಳೆಯದೇ ಓಡುತ್ತಿದೆ

ಇದು ಎಲ್ಲಕ್ಕಿಂತ ಜಾಸ್ತಿ ಸಮಯ ತಿನ್ನುವ ಲಕ್ಷಣ. ಕಾರಣಗಳು ಹಲವು. ಸುಲಭದ್ದರಿಂದ ಶುರು ಮಾಡೋಣ.

ನಿಮ್ಮ ತಂಡ ಹುಕ್‌ಗಳನ್ನು .ಗಿಟ್/ಹುಕ್ಸ್ ಒಳಗೆ ಕಾಪಿ ಮಾಡುವ ಪದ್ಧತಿಯಲ್ಲಿದೆಯಾ? ಹಾಗಿದ್ದರೆ ಪುಲ್ ಮಾಡಿದರೆ ಬದಲಾಗುವುದು ಮೂಲ ಮಾತ್ರ, ಕಾಪಿ ಅಲ್ಲ. ಪ್ರತಿಯೊಬ್ಬರೂ ಮತ್ತೆ ಕಾಪಿ ಮಾಡಬೇಕು, ಯಾರೋ ಒಬ್ಬರು ಮರೆತೇ ಮರೆಯುತ್ತಾರೆ. ಗಿಟ್‌ನ ಟೆಂಪ್ಲೇಟ್ ಫೋಲ್ಡರ್ ಬಳಸುವವರ ಕಥೆಯೂ ಇದೇ. ಗಿಟ್ ಇನಿಟ್ ಮತ್ತೆ ಓಡಿಸಿದರೆ ಹೊಸದಾಗಿ ಸೇರಿದ ಫೈಲ್ ಬರುತ್ತದೆ, ಮೊದಲೇ ಇರುವುದರ ಮೇಲೆ ಅದು ಬರೆಯುವುದಿಲ್ಲ. ಕಾಪಿ ಪದ್ಧತಿ ಬಿಟ್ಟು ಹುಕ್ಸ್‌ಪಾತ್‌ಗೆ ಬನ್ನಿ. ಆಗ ಪುಲ್ ಆದ ಕೂಡಲೇ ಹೊಸ ಹುಕ್ ಜಾರಿಗೆ ಬರುತ್ತದೆ.

ಹುಕ್ಸ್‌ಪಾತ್ ಇದ್ದೂ ಹಳೆಯದು ಓಡಿದರೆ, ಆ ಸೆಟ್ಟಿಂಗ್ ಎಲ್ಲಿಂದ ಬಂತು ಎಂದು ಕೇಳಿ:

ಗಿಟ್ ಕಾನ್ಫಿಗ್ --ಶೋ-ಒರಿಜಿನ್ --ಗೆಟ್-ಆಲ್ ಕೋರ್.ಹುಕ್ಸ್‌ಪಾತ್

ಉತ್ತರದಲ್ಲಿ ಹೋಮ್ ಫೋಲ್ಡರಿನ .ಗಿಟ್‌ಕಾನ್ಫಿಗ್ ಮಾತ್ರ ಕಂಡರೆ, ಯಾವತ್ತೋ ಬೇರೆ ಪ್ರಾಜೆಕ್ಟಿಗೆಂದು --ಗ್ಲೋಬಲ್ ಹಾಕಿ ಇಟ್ಟದ್ದು ಈಗ ಎಲ್ಲ ರೆಪೊಗಳನ್ನೂ ಆಳುತ್ತಿದೆ. ಇನ್ನೊಂದು ಸಂದರ್ಭ: ತಂಡ ಹಸ್ಕಿ ಬಿಟ್ಟು ಬೇರೆ ಸಾಧನಕ್ಕೆ ಬಂದಿದೆ, ಆದರೆ ಹುಕ್ಸ್‌ಪಾತ್ ಈಗಲೂ .ಹಸ್ಕಿ ಫೋಲ್ಡರನ್ನೇ ತೋರಿಸುತ್ತಿದೆ. ಆ ಫೋಲ್ಡರ್ ಅಳಿದುಹೋಗಿದ್ದರೆ ಗಿಟ್ ಏನೂ ಹೇಳದೆ ಹುಕ್ ಇಲ್ಲದೆಯೇ ಕಮಿಟ್ ಮಾಡಿಬಿಡುತ್ತದೆ. ಪೈಥಾನ್‌ನ ಪ್ರಿ-ಕಮಿಟ್ ಎಂಬ ಸಾಧನ ಮಾತ್ರ ಹುಕ್ಸ್‌ಪಾತ್ ಸೆಟ್ ಆಗಿರುವುದನ್ನು ಕಂಡರೆ ಇನ್‌ಸ್ಟಾಲ್ ಮಾಡಲು ಖಡಾಖಂಡಿತ ಒಪ್ಪುವುದಿಲ್ಲ. ಅದು ಅದರ ಒಳ್ಳೆಯ ಗುಣ. ಎರಡಕ್ಕೂ ಮದ್ದು ಒಂದೇ: ಹಳೆಯದನ್ನು ಗಿಟ್ ಕಾನ್ಫಿಗ್ --ಅನ್‌ಸೆಟ್ ಮಾಡಿ (ಹೋಮ್ ಫೋಲ್ಡರಿನದ್ದಾದರೆ --ಗ್ಲೋಬಲ್ ಕೂಡ ಹಾಕಿ), ಸೆಟಪ್ ಮತ್ತೆ ಓಡಿಸಿ.

ಇನ್ನು ಬ್ರಾಂಚ್. ಹುಕ್ ಫೋಲ್ಡರ್ ರೆಪೊದ ಒಳಗೇ ಇರುವುದರಿಂದ ನೀವು ನಿಂತಿರುವ ಬ್ರಾಂಚಿನಲ್ಲಿ ಯಾವ ಹುಕ್ ಇದೆಯೋ ಅದೇ ಓಡುತ್ತದೆ. ಕಳೆದ ವರ್ಷದ ಬಿಡುಗಡೆ ಬ್ರಾಂಚಿಗೆ ಹೋಗಿ ಒಂದು ತುರ್ತು ಸರಿಪಡಿಕೆ ಮಾಡಿದರೆ ಅಲ್ಲಿ ಹಳೆಯ ಹುಕ್ ಇರಬಹುದು, ಹುಕ್ಕೇ ಇಲ್ಲದಿರಬಹುದು. ಗಿಟ್ ಎಚ್ಚರಿಸುವುದಿಲ್ಲ. ಒಂದೇ ಮೆಷಿನ್‌ನಲ್ಲಿ ಬೆಳಿಗ್ಗೆ ಓಡಿದ ಹುಕ್ ಮಧ್ಯಾಹ್ನ ಓಡಲಿಲ್ಲ ಎಂಬ ದೂರು ಬಂದರೆ ಮೊದಲು ಬ್ರಾಂಚ್ ಕೇಳಿ. ಮುಖ್ಯವಾದ ಹುಕ್ ಬದಲಾವಣೆಯನ್ನು ಈಗಲೂ ನಿರ್ವಹಿಸುತ್ತಿರುವ ಹಳೆಯ ಬ್ರಾಂಚುಗಳಿಗೂ ಚೆರಿ-ಪಿಕ್ ಮಾಡುವುದೇ (ಆ ಒಂದು ಕಮಿಟ್ ಮಾತ್ರ ಅಲ್ಲಿಗೆ ತರುವುದೇ) ದಾರಿ. ಸಬ್‌ಮಾಡ್ಯೂಲ್‌ಗಳಿಗೆ ತಮ್ಮದೇ ಕಾನ್ಫಿಗ್ ಇರುತ್ತದೆ. ಅಲ್ಲಿ ಸೆಟಪ್ ಬೇರೆಯೇ ಆಗಬೇಕು.

ಹುಕ್ ಅಪ್‌ಡೇಟ್ ಬಂದಿದೆ ಎಂದು ತಿಳಿಸಲು ಪೋಸ್ಟ್-ಮರ್ಜ್ ಹುಕ್ ಬಳಸಬಹುದು. ಒರಿಗ್-ಹೆಡ್ (ಮರ್ಜ್‌ಗೆ ಮೊದಲಿನ ಸ್ಥಿತಿ) ಮತ್ತು ಹೆಡ್ (ಈಗಿನ ಸ್ಥಿತಿ) ನಡುವೆ ಹುಕ್ ಫೋಲ್ಡರ್ ಬದಲಾಗಿದ್ದರೆ ಒಂದು ಸಾಲು ತೋರಿಸಿದರೆ ಸಾಕು. ಆದರೆ ರೀಬೇಸ್ ಮಾಡಿ (ಮರ್ಜ್ ಬದಲು ತಮ್ಮ ಕಮಿಟ್‌ಗಳನ್ನು ಹೊಸದರ ಮೇಲೆ ಮತ್ತೆ ಕೂರಿಸಿ) ಪುಲ್ ಮಾಡುವವರಲ್ಲಿ ಅದು ಓಡುತ್ತದೆ ಎಂದು ನಂಬಿ ಕೂರಬೇಡಿ. ತಂಡದ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿ. ಹುಕ್ ಬದಲಾವಣೆ ಅಂದರೆ ಎಲ್ಲರ ಮೆಷಿನ್‌ನಲ್ಲಿ ನಾಳೆಯಿಂದ ಹೊಸದೊಂದು ಓಡುತ್ತದೆ ಎಂದು ಅರ್ಥ. ಅದನ್ನು ಹೇಳದೆ ಮಾಡುವುದು ಸರಿಯಲ್ಲ.

ಲಕ್ಷಣ: ಕನ್ನಡ, ಮಲಯಾಳಂ ಹೆಸರಿನ ಫೈಲುಗಳನ್ನು ಹುಕ್ ಬಿಟ್ಟುಬಿಡುತ್ತದೆ

ನಮ್ಮದು ಸಪ್ತಭಾಷೆಗಳ ನೆಲ. ಇಲ್ಲಿ ಬರೆಯುವ ತಂತ್ರಾಂಶಕ್ಕೆ ಕನ್ನಡದ ಪುಟವೂ ಬೇಕು, ಮಲಯಾಳಂ ಪುಟವೂ ಬೇಕು. ಮಾದರಿ ರಶೀದಿ, ಅಡಿಕೆ ದರದ ಪಟ್ಟಿ ಮುಂತಾದ ಫೈಲುಗಳಿಗೆ ಆಯಾ ಭಾಷೆಯಲ್ಲೇ ಹೆಸರಿಡುವುದೂ ಉಂಟು. ಬೇರೆಡೆ ಬರೆದ ಹುಕ್ ತಂದು ಹಾಕಿದಾಗ ಅದು ಇಂಥ ಫೈಲುಗಳಲ್ಲಿ ಎಡವುತ್ತದೆ.

ಕಾರಣ ಹೀಗಿದೆ. ಗಿಟ್ ಡಿಫ್ --ನೇಮ್-ಓನ್ಲಿ ಫೈಲ್ ಹೆಸರು ಕೊಡುವಾಗ ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಉದ್ಧರಣ ಚಿಹ್ನೆಯೊಳಗೆ ಅಂಕಿಗಳಾಗಿ ಬದಲಿಸುತ್ತದೆ. "ಕ" ಅಕ್ಷರ \340\262\225 ಆಗುತ್ತದೆ. ಹುಕ್ ಆ ಅಂಕಿಗಳನ್ನೇ ಫೈಲ್ ಹೆಸರು ಎಂದು ತಿಳಿದು ಹುಡುಕುತ್ತದೆ. ಸಿಗುವುದಿಲ್ಲ. ಕೆಲವು ಹುಕ್‌ಗಳು ಎರರ್ ಕೊಡುತ್ತವೆ, ಕೆಲವು ಪರೀಕ್ಷಿಸದೆ ಮುಂದೆ ಹೋಗುತ್ತವೆ. ಎರಡನೆಯದೇ ಅಪಾಯ. ಕೋರ್.ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ, ಆದರೆ ಅದೂ ಪ್ರತಿ ಮೆಷಿನ್‌ನ ಸೆಟ್ಟಿಂಗ್. ಸ್ಕ್ರಿಪ್ಟಿನಲ್ಲೇ -ಜೆಡ್ ಆಯ್ಕೆ ಹಾಕಿ, ಎಕ್ಸ್‌ಆರ್ಗ್ಸ್ -0 ಗೆ ಕೊಡಿ. ಹೆಸರಿನ ನಡುವೆ ಖಾಲಿ ಜಾಗ ಇದ್ದರೂ ಆಗ ತೊಂದರೆ ಇಲ್ಲ.

ಕಮಿಟ್ ಸಂದೇಶದ ಉದ್ದ ಅಳೆಯುವ ಹುಕ್‌ನಲ್ಲೂ ಇಂಥದ್ದೇ ಅನ್ಯಾಯ ಇದೆ. ಮಿತಿ 50 ಎಂದಿಟ್ಟು ಡಬ್ಲ್ಯುಸಿ -ಸಿ ಎಂದು ಎಣಿಸಿದರೆ ಅದು ಎಣಿಸುವುದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. "ಕ್ಷಿ" ಎಂಬ ಒಂದೇ ಅಕ್ಷರದಲ್ಲಿ 4 ಚಿಹ್ನೆಗಳಿವೆ, ಅಂದರೆ 12 ಬೈಟ್. ಎರಡು ಮೂರು ಪದ ಬರೆಯುವಷ್ಟರಲ್ಲಿ "ಸಂದೇಶ ಉದ್ದವಾಯಿತು" ಎಂದು ಹುಕ್ ತಡೆಯುತ್ತದೆ. ಡಬ್ಲ್ಯುಸಿ -ಎಂ ಬಳಸಿ, ಅದಕ್ಕೂ ಲೊಕೇಲ್ (ಮೆಷಿನ್‌ನ ಭಾಷಾ ಸೆಟ್ಟಿಂಗ್) ಯುಟಿಎಫ್-8 ಇರಬೇಕು. ಮಿತಿಯನ್ನೂ ಸ್ವಲ್ಪ ಸಡಿಲ ಮಾಡಿ. ತಮ್ಮ ಭಾಷೆಯಲ್ಲಿ ಬರೆದರೆ ಕಮಿಟ್ ಆಗುವುದಿಲ್ಲ ಎಂದು ಯಾರಿಗೂ ಅನ್ನಿಸಬಾರದು.

ಲಕ್ಷಣ: ಕಮಿಟ್ ತಿರುಗುತ್ತಲೇ ಇರುತ್ತದೆ

ಆಟಿ ತಿಂಗಳ ಮಳೆಯಲ್ಲಿ ಕರೆಂಟು, ನೆಟ್ ಎರಡೂ ಯಾವಾಗ ಹೋಗುತ್ತದೆಂದು ಹೇಳಲಾಗದು. ಹುಕ್ ಕಮಿಟ್ ಸಮಯದಲ್ಲಿ ಏನನ್ನಾದರೂ ನೆಟ್‌ನಿಂದ ತರುತ್ತಿದ್ದರೆ ಆಗ ನಿಂತುಬಿಡುತ್ತದೆ. ಪೈಥಾನ್‌ನ ಪ್ರಿ-ಕಮಿಟ್ ಸಾಧನ ಮೊದಲ ಸಲ ಓಡುವಾಗ ಬೇಕಾದ್ದನ್ನೆಲ್ಲ ಇಳಿಸಿ ಸಂಗ್ರಹಿಸುತ್ತದೆ. ನೆಟ್ ಚೆನ್ನಾಗಿರುವಾಗಲೇ ಪ್ರಿ-ಕಮಿಟ್ ಇನ್‌ಸ್ಟಾಲ್ --ಇನ್‌ಸ್ಟಾಲ್-ಹುಕ್ಸ್ ಓಡಿಸಿಟ್ಟರೆ ಮತ್ತೆ ಕಾಯಬೇಕಾಗಿಲ್ಲ. ಹೊಸ ಆವೃತ್ತಿಗೆ ಹೋದಾಗಲೂ ಮತ್ತೊಮ್ಮೆ ಇಳಿಯುತ್ತದೆ ಎಂಬುದು ನೆನಪಿರಲಿ.

ನೆಟ್ ಬೇಡದಿದ್ದರೂ ನಿಧಾನವೇ? ಗಿಟ್_ಟ್ರೇಸ್=1 ಎಂದು ಮುಂದೆ ಹಾಕಿ ಕಮಿಟ್ ಮಾಡಿ, ಯಾವ ಹುಕ್‌ನಲ್ಲಿ ನಿಂತಿದೆ ಎಂದು ಕಾಣುತ್ತದೆ. ಬದಲಾದ ಫೈಲುಗಳನ್ನು ಮಾತ್ರ ನೋಡುವಂತೆ ಮಾಡಿ, ಪೂರ್ತಿ ಟೆಸ್ಟುಗಳನ್ನು ಪ್ರಿ-ಪುಶ್‌ಗೋ ಸಿಐಗೋ (ಪುಶ್ ಆದ ಕೋಡನ್ನು ಸರ್ವರ್‌ನಲ್ಲಿ ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಕಳಿಸಿ. ನಿಧಾನದ ಹುಕ್ ಕೊನೆಗೆ ಜನರಿಗೆ ನೋ-ವೆರಿಫೈ (ಹುಕ್ ಓಡಿಸದೆ ಮುಂದೆ ಹೋಗುವ ಆಯ್ಕೆ) ಕಲಿಸುತ್ತದೆ.

ಲಕ್ಷಣ: ಹುಕ್ ಇದ್ದರೂ ಕೆಟ್ಟ ಕಮಿಟ್ ಸರ್ವರ್ ಸೇರಿತು

ಕಮಿಟ್ --ನೋ-ವೆರಿಫೈ ಹಾಕಿದರೆ ಪ್ರಿ-ಕಮಿಟ್, ಕಮಿಟ್-ಎಂಎಸ್‌ಜಿ ಎರಡೂ ಓಡುವುದಿಲ್ಲ. ಪುಶ್‌ಗೆ ಹಾಕಿದರೆ ಪ್ರಿ-ಪುಶ್ ಓಡುವುದಿಲ್ಲ. ಯಾರೂ ಅದನ್ನು ಹಾಕದಿದ್ದರೂ ದಾರಿಗಳಿವೆ. ರೀಬೇಸ್‌ನಲ್ಲಿ ಸುಮ್ನೆ ಪಿಕ್ ಆಗುವ ಕಮಿಟ್‌ಗಳಿಗೆ ಪ್ರಿ-ಕಮಿಟ್ ಓಡುವುದಿಲ್ಲ. ತಾನಾಗಿ ಆಗುವ ಮರ್ಜ್‌ಗೆ ಓಡುವುದು ಪ್ರಿ-ಮರ್ಜ್-ಕಮಿಟ್, ಅದು ಗಿಟ್ 2.24ರಿಂದ ಇದೆ. ಬ್ರೌಸರ್‌ನಲ್ಲೇ ಫೈಲ್ ತಿದ್ದಿದರೆ ನಿಮ್ಮ ಯಾವ ಹುಕ್ಕೂ ಓಡುವುದಿಲ್ಲ.

ಹಾಗಾಗಿ ನೋ-ವೆರಿಫೈ ಹಾಕಿದವರನ್ನು ಹುಡುಕುತ್ತಾ ಕೂರುವುದು ವ್ಯರ್ಥ. ತಡೆಯಲೇಬೇಕಾದದ್ದನ್ನು ಸರ್ವರ್‌ನಲ್ಲಿ ತಡೆಯಿರಿ. ಸ್ವಂತ ಸರ್ವರ್ ಇದ್ದರೆ ಪ್ರಿ-ರಿಸೀವ್ ಹುಕ್. ಗಿಟ್‌ಹಬ್‌ನ ಮಾಮೂಲಿ ಸೇವೆಯಲ್ಲಿ ಅದನ್ನು ಹಾಕಲಾಗದು, ಅಲ್ಲಿ ಬ್ರಾಂಚ್ ರಕ್ಷಣೆ ಮತ್ತು ಸಿಐ ಸೇರಿ ಆ ಕೆಲಸ ಮಾಡಬೇಕು. ಸಿಐ ಕೂಡ ಅದೇ ಹುಕ್ ಸ್ಕ್ರಿಪ್ಟನ್ನೇ ಕರೆಯಲಿ. ಎರಡು ಕಡೆ ಎರಡು ನಿಯಮ ಇದ್ದರೆ ಒಂದು ಬದಲಾದಾಗ ಇನ್ನೊಂದು ಹಿಂದೆ ಉಳಿಯುತ್ತದೆ.

ಇಲ್ಲಿ ನಿಲ್ಲಿಸಿ, ಸಹಾಯ ಕೇಳಿ

ಹುಕ್ ಓಡಿದ ಮೇಲೆ ಬೇರೆ ರೆಪೊದಲ್ಲಿ ಬದಲಾವಣೆ ಕಂಡರೆ, ಅಥವಾ ನೀವು ಸ್ಟೇಜ್ ಮಾಡದ (ಕಮಿಟ್‌ಗೆಂದು ಆರಿಸದ) ಸಾಲುಗಳು ಕಮಿಟ್ ಆಗಿದ್ದರೆ ಮುಂದಿನ ಕಮಿಟ್ ಮಾಡಬೇಡಿ. ಹುಕ್ ಒಳಗೆ ಗಿಟ್_ಡಿರ್, ಗಿಟ್_ಇಂಡೆಕ್ಸ್_ಫೈಲ್ ಮುಂತಾದ ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗಳು ಸೆಟ್ ಆಗಿರಬಹುದು. ಹುಕ್ ಬೇರೆ ಫೋಲ್ಡರಿಗೆ ಹೋಗಿ ಗಿಟ್ ಕಮಾಂಡ್ ಕೊಟ್ಟರೂ ಅದು ತಪ್ಪು ರೆಪೊದ ಮೇಲೆ ಓಡುವ ಸಾಧ್ಯತೆ ಇದೆ. ಗಿಟ್ ರೆವ್-ಪಾರ್ಸ್ --ಲೋಕಲ್-ಎನ್ವ್-ವಾರ್ಸ್ ಕೊಡುವ ಹೆಸರುಗಳನ್ನೆಲ್ಲ ಮೊದಲು ಅನ್‌ಸೆಟ್ ಮಾಡಬೇಕು. ಇದನ್ನು ಹುಕ್ ಬರೆದವರ ಜೊತೆ ಕೂತೇ ಸರಿ ಮಾಡಿ. ಫಾರ್ಮ್ಯಾಟ್ ಮಾಡಿ ಗಿಟ್ ಆ್ಯಡ್ ಮಾಡುವ ಹುಕ್‌ಗಳು ಅರ್ಧ ಸ್ಟೇಜ್ ಆದ ಫೈಲನ್ನು ಪೂರ್ತಿ ಸೇರಿಸಿಬಿಡುತ್ತವೆ, ಅದನ್ನೂ ಅವರಿಗೆ ತೋರಿಸಿ.

ಪಾಸ್‌ವರ್ಡ್ ಅಥವಾ ಕೀ ಈಗಾಗಲೇ ಪುಶ್ ಆಗಿದ್ದರೆ ಹುಕ್ ಸರಿ ಮಾಡುವುದು ಆಮೇಲೆ. ಮೊದಲು ಆ ಕೀ ರದ್ದು ಮಾಡಿಸಿ ಹೊಸದು ಪಡೆಯಿರಿ, ತಂಡದ ಹಿರಿಯರಿಗೆ ಹೇಳಿ. ಹಿಸ್ಟರಿಯಿಂದ ಅಳಿಸಿದರೂ ಕ್ಲೋನ್ ಮಾಡಿದವರಲ್ಲಿ ಅದು ಉಳಿದಿರುತ್ತದೆ.

ಪುಲ್ ಮಾಡಿದ ಮೇಲೆ ಹುಕ್ ಫೋಲ್ಡರಿನಲ್ಲಿ ನಿಮಗೆ ಅರ್ಥವಾಗದ ಸಾಲು ಕಂಡರೆ, ಅದರಲ್ಲೂ ನೆಟ್‌ನಿಂದ ಏನೋ ತಂದು ನೇರ ಶೆಲ್‌ಗೆ ಕೊಡುವ ಸಾಲು ಕಂಡರೆ, ಅಲ್ಲಿಗೇ ನಿಲ್ಲಿಸಿ. ಪರೀಕ್ಷೆಗೆಂದೂ ಅದನ್ನು ಓಡಿಸಬೇಡಿ. ಗಿಟ್ ಕಾನ್ಫಿಗ್ --ಅನ್‌ಸೆಟ್ ಕೋರ್.ಹುಕ್ಸ್‌ಪಾತ್ ಎಂದು ಹುಕ್ ಬಿಡಿಸಿಕೊಳ್ಳಿ, ಗಿಟ್ ಲಾಗ್‌ನಲ್ಲಿ ಆ ಫೋಲ್ಡರಿನ ಇತಿಹಾಸ ತೆಗೆದು ಯಾರು, ಯಾವಾಗ ಸೇರಿಸಿದರೆಂದು ನೋಡಿ, ಅವರಿಗೇ ಫೋನ್ ಮಾಡಿ ಕೇಳಿ. "ನಾನು ಹಾಕಿಲ್ಲ" ಎಂಬ ಉತ್ತರ ಬಂದರೆ ಇಡೀ ತಂಡಕ್ಕೆ ಕೂಡಲೇ ತಿಳಿಸಿ, ಯಾರೂ ಪುಲ್ ಮಾಡದಂತೆ ಹೇಳಿ. ಇಂಥದ್ದು ಬಾರದಿರಲು ಹುಕ್ ಫೋಲ್ಡರಿನ ಪ್ರತಿ ಬದಲಾವಣೆಗೂ ಇನ್ನೊಬ್ಬರ ಒಪ್ಪಿಗೆ ಕಡ್ಡಾಯ ಮಾಡಿ. ಗಿಟ್‌ಹಬ್, ಗಿಟ್‌ಲ್ಯಾಬ್‌ಗಳಲ್ಲಿ ಕೋಡ್‌ಓನರ್ಸ್ ಫೈಲಿಗೆ ಆ ಫೋಲ್ಡರನ್ನು ಸೇರಿಸಿ, ಒಪ್ಪಿಗೆ ಬೇಕೇ ಬೇಕು ಎಂದು ಬ್ರಾಂಚ್ ರಕ್ಷಣೆಯಲ್ಲಿ ಆರಿಸಿದರೆ ಇದು ಆಗುತ್ತದೆ.